ಹೂ ಉದುರಿದ ಮೇಲೆ ಉಳಿಯುವ ತೊಟ್ಟು

ಮೈಸೂರಿನ ಒಂದು ಮನೆ. ಎರಡನೆಯ ಮಹಡಿಯ ಬಾಲ್ಕನಿಯಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ, ಒಂದು ಮಣ್ಣಿನ ಕುಂಡ. ಅದರಿಂದ ಹೊರಟ ಬಳ್ಳಿಯೊಂದು ಗ್ರಿಲ್ಲಿನ ಸರಳುಗಳನ್ನು ಸುತ್ತಿಕೊಂಡು ಮೇಲೇರಿದೆ. ಎಲೆಗಳು ದಪ್ಪ, ನುಣುಪು. ಮುಟ್ಟಿದರೆ ರಬ್ಬರಿನ ತುಂಡನ್ನು ಮುಟ್ಟಿದ ಹಾಗೆ. ಈ ಮನೆಯ ಹುಡುಗಿ ಐದನೆಯ ತರಗತಿ ಮುಗಿಸಿ ಬೇಸಿಗೆ ರಜೆಗೆ ಸಾಗರದ ಕಡೆಯ ಹಳ್ಳಿಗೆ ಹೋಗಿದ್ದಾಗ, ಅಜ್ಜಿ ಜಗಲಿಯ ಕಂಬಕ್ಕೆ ಹಬ್ಬಿದ್ದ ಬಳ್ಳಿಯಿಂದ ಒಂದು ಗೇಣು ತುಂಡು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಮರುವರ್ಷವೇ ಹಳ್ಳಿಯ ಮನೆ ಮಾರಾಟವಾಯಿತು. ಕೊಂಡವರು ಜಗಲಿ ಕೆಡವಿ ಹೊಸ ಮನೆ ಕಟ್ಟಿಕೊಂಡರು. ಅಜ್ಜಿ ಮೈಸೂರಿಗೆ ಬಂದರು. ಆ ಹಳೆಯ ಮನೆಯಿಂದ ಜೀವಂತವಾಗಿ ಮೈಸೂರು ಸೇರಿದ್ದೆಂದರೆ ಅಜ್ಜಿ ಮತ್ತು ಈ ಬಳ್ಳಿ.

ಮೂರು ವರ್ಷ ಅದು ಬರೀ ಎಲೆ ಬಿಟ್ಟಿತು. ಹುಡುಗಿ ಎಂಟನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಮಾತ್ರ ನಾಲ್ಕು ಗೊಂಚಲು ಹೂ ಬಂತು. ಒಂದೊಂದೂ ನಕ್ಷತ್ರ, ತಿಳಿಗುಲಾಬಿ ಬಣ್ಣ, ನಡುವೆ ಕೆಂಪು ಚುಕ್ಕೆಯ ಇನ್ನೊಂದು ಪುಟ್ಟ ನಕ್ಷತ್ರ. ಮೇಣದಲ್ಲಿ ಅಚ್ಚು ಹೊಯ್ದು ಮಾಡಿದ್ದೇನೋ ಎನ್ನುವಂಥ ಹೊಳಪು. ಸಂಜೆಯಾದರೆ ಪರಿಮಳ ನಡುಮನೆಯವರೆಗೆ. ಹೂ ಉದುರಿತು. ಪ್ರತಿ ಗೊಂಚಲಿನ ಜಾಗದಲ್ಲಿ ಒಂದಂಗುಲದ ಬೋಳು ತೊಟ್ಟು ಉಳಿಯಿತು.

ದಸರಾ ಬಂತು. ಅಜ್ಜಿ ಇನ್ನೊಬ್ಬ ಮಗಳ ಮನೆಗೆ ಹೋಗಿದ್ದರು. ಆಯುಧಪೂಜೆಯ ಮುಂಚೆ ಮನೆಯೆಲ್ಲ ಚೊಕ್ಕಟ ಮಾಡುವ ಭರದಲ್ಲಿ ಅಪ್ಪ ಕತ್ತರಿ ಹಿಡಿದು ಬಾಲ್ಕನಿಗೂ ಬಂದರು. ಒಣಗಿದಂತೆ ಕಂಡ ತೊಟ್ಟುಗಳನ್ನು ಕಚಕಚನೆ ಕತ್ತರಿಸಿದರು. ಗುಲಾಬಿ ಗಿಡಕ್ಕೆ ಹಾಗೆ ಮಾಡಿದರೆ ಹೊಸ ಕುಡಿ ಒಡೆದು ಮತ್ತೆ ಹೂ ಬರುತ್ತದೆ. ಅದು ಅವರ ಅನುಭವ. ಅಜ್ಜಿ ಹಿಂತಿರುಗಿ ಬಂದವರು ಬಳ್ಳಿಯ ಮುಂದೆ ನಿಂತು, “ಅಯ್ಯೋ, ಇದರ ತೊಟ್ಟು ಮುಟ್ಟಬಾರದಿತ್ತು ಕಣೋ. ಮುಂದಿನ ವರ್ಷದ ಹೂ ಅಲ್ಲೇ ಇತ್ತಲ್ಲ” ಎಂದರು. ಹುಡುಗಿ ಎರಡು ದಿನ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಪ್ಪನದು ಅಜಾಗರೂಕತೆಯಲ್ಲ. ಒಂದು ಗಿಡದಿಂದ ಕಲಿತ ಪಾಠವನ್ನು ಇನ್ನೊಂದಕ್ಕೆ ಹಚ್ಚಿದ್ದೇ ಎಡವಟ್ಟಾಯಿತು. ಹಾಗಾದರೆ ಈ ಬಳ್ಳಿ ಯಾವ ಜಾತಿಯದು, ಅದರ ಸ್ವಭಾವವೇನು?

ನರ್ಸರಿಯವರು ಇದನ್ನು ಹೋಯಾ ಎನ್ನುತ್ತಾರೆ, ಕೆಲವರು ವ್ಯಾಕ್ಸ್ ಪ್ಲಾಂಟ್ ಎನ್ನುತ್ತಾರೆ. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಹೋಯಾ ಕಾರ್ನೋಸಾ ಎಂಬ ಪ್ರಭೇದ. ಕಾರ್ನೋಸಾ ಎಂದರೆ ಲ್ಯಾಟಿನ್ನಿನಲ್ಲಿ ಮಾಂಸಲವಾದದ್ದು. ದಪ್ಪ ಎಲೆಯನ್ನು ನೋಡಿ ಇಟ್ಟ ಹೆಸರು. ಹೋಯಾ ಎಂಬ ಹೆಸರಿನ ಕಥೆ ಬೇರೆ. ಲಂಡನ್ ಬಳಿಯ ಸಯಾನ್ ಹೌಸ್ ಎಂಬ ಬಂಗಲೆಯಲ್ಲಿ ಥಾಮಸ್ ಹೋಯ್ ಎಂಬಾತ ಮುಖ್ಯ ತೋಟಗಾರನಾಗಿದ್ದ. 1810ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಈ ಬಳ್ಳಿಗಳ ಕುಲಕ್ಕೆ ಆ ತೋಟಗಾರನ ಹೆಸರಿಟ್ಟ. ಬಂಗಲೆಯ ಯಜಮಾನ ಡ್ಯೂಕ್‌ನ ಹೆಸರನ್ನಲ್ಲ, ಗಿಡಕ್ಕೆ ನೀರು ಗೊಬ್ಬರ ಕೊಟ್ಟವನ ಹೆಸರನ್ನು! ರಾಬರ್ಟ್ ಬ್ರೌನ್ ಎಂದರೆ ವಿದ್ಯಾರ್ಥಿಗಳಿಗೆ ಹೊಸಬನಲ್ಲ. ಭೌತವಿಜ್ಞಾನದ ಪಾಠದಲ್ಲಿ ಬರುವ ಬ್ರೌನಿಯನ್ ಚಲನೆ ಇದೇ ಬ್ರೌನ್‌ನದು. ಅವನು ಈ ಬಳ್ಳಿಯ ಬಂಧುಬಳಗದಲ್ಲಿ ಇನ್ನೂ ಒಂದು ದೊಡ್ಡ ಕೆಲಸ ಮಾಡಿದ್ದಾನೆ. ಅದಕ್ಕೆ ಆಮೇಲೆ ಬರೋಣ.

ಹೋಯಾ ಕಾರ್ನೋಸಾದ ತವರು ದಕ್ಷಿಣ ಚೀನಾ, ತೈವಾನ್ ಮೊದಲಾದ ಕಡೆಯ ಬೆಚ್ಚನೆಯ ಕಾಡುಗಳು. ಆದರೆ ಅದರ ಸೋದರ ಸಂಬಂಧಿಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಇದ್ದಾರೆ. ಹೋಯಾ ವೈಟಿಯೈ, ಹೋಯಾ ಓವ್ಯಾಲಿಫೋಲಿಯಾ ಘಟ್ಟದ ಮರಗಳ ಮೇಲೆ ಹಬ್ಬುವ ಬಳ್ಳಿಗಳು. ಮರದ ಮೇಲೆ ಬದುಕುವುದೆಂದರೆ ಬಂದಳಿಕೆಯಂತೆ ಮರದ ರಸ ಹೀರುವುದಲ್ಲ. ಮಲೆನಾಡಿನ ಸೀತಾಳೆ ದಂಡೆಯ ಹಾಗೆ, ಮರ ಇದಕ್ಕೆ ನಿಲ್ಲುವ ಜಾಗ ಮಾತ್ರ. ತೊಗಟೆಯ ಬಿರುಕಿನಲ್ಲಿ, ಪಾಚಿಯಲ್ಲಿ, ಕೊಂಬೆಯ ಕವಲಿನಲ್ಲಿ ಕೊಳೆತ ಎಲೆಪುಡಿಯಲ್ಲಿ ಬೇರಿಳಿಸಿ, ಮಳೆ ಬಂದಾಗ ಕುಡಿದು, ಮಳೆ ನಿಂತೊಡನೆ ಒಣಗುವ ಗಾಳಿಯಲ್ಲಿ ಬಾಳುವ ಸಸ್ಯ ಇದು.

ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಆರೈಕೆಯ ಮುಕ್ಕಾಲು ಪಾಲು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ನೀರು. ಮನೆಯೊಳಗಿನ ಹೋಯಾಗಳು ಸಾಯುವುದು ಬಾಯಾರಿಕೆಯಿಂದ ಕಡಿಮೆ, ಪ್ರೀತಿಯಿಂದ ಹೆಚ್ಚು. ಬೆಳಿಗ್ಗೆ ಅಮ್ಮ ಒಂದು ಚೊಂಬು, ಸಂಜೆ ಮಕ್ಕಳು ಒಂದು ಲೋಟ, ಬಂದ ನೆಂಟರು ಎಲೆ ಬಾಡಿದೆಯೆಂದು ಇನ್ನೊಂದು ಲೋಟ! ಬೇರು ನೀರು ಹೀರುವ ಕೊಳವೆ ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಬೇರಿನ ಜೀವಕೋಶಗಳೂ ಉಸಿರಾಡುತ್ತವೆ. ಅವಕ್ಕೂ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ ಅದು ಸಿಗುತ್ತದೆ. ಆ ಸಂದುಗಳು ಸದಾ ನೀರಿನಿಂದ ತುಂಬಿದ್ದರೆ? ಗಾಳಿಯಲ್ಲಿ ಆಮ್ಲಜನಕ ಹರಡುವ ವೇಗಕ್ಕೆ ಹೋಲಿಸಿದರೆ ನಿಂತ ನೀರಿನಲ್ಲಿ ಅದು ಹರಡುವುದು ಸುಮಾರು 10,000 ಪಟ್ಟು ನಿಧಾನ. ಬೇರು ಉಸಿರುಗಟ್ಟುತ್ತದೆ, ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲೆ ಕಳಿಸಲಾರದು. ಹಾಗಾಗಿ ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡು ಮನೆಯವರು ಇನ್ನಷ್ಟು ನೀರು ಹಾಕುತ್ತಾರೆ! ನೀರಿನ ನಡುವೆಯೇ ನೀರಿಲ್ಲದೆ ಗಿಡ ಸಾಯುವುದು ಹೀಗೆ.

ಕೆಮ್ಮಣ್ಣು, ಜೇಡಿಮಣ್ಣು ಇದಕ್ಕೆ ಸಲ್ಲವು. ತೆಂಗಿನಕಾಯಿ ಸಿಪ್ಪೆಯ ಸಣ್ಣ ತುಂಡುಗಳು, ಇದ್ದಲಿನ ಚೂರು, ಒಡೆದ ಹೆಂಚಿನ ಚೂರು, ಜೊತೆಗೆ ಒಂದೆರಡು ಹಿಡಿ ಎರೆಗೊಬ್ಬರ: ಮರದ ತೊಗಟೆಯ ನೆನಪು ತರುವ ಇಂಥ ಸಡಿಲ ಮಿಶ್ರಣ ಒಳ್ಳೆಯದು. ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದಾದ್ದರಿಂದ ಎರಡು ದಿನ ನೀರಿನಲ್ಲಿ ನೆನೆಸಿ, ನೀರು ಬದಲಿಸಿ ತೊಳೆದು ಬಳಸಬೇಕು. ಕುಂಡದ ತಳದಲ್ಲಿ ತೂತು ಇರಲೇಬೇಕು. ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಲ್ಲಬಾರದು. ದೊಡ್ಡ ಕುಂಡದ ಆಸೆ ಬೇಡ. ಬೇರು ಮುಟ್ಟದ ಮಣ್ಣು ಒಣಗದೆ ತೇವವಾಗಿಯೇ ಉಳಿದು ಕೊಳೆಗೆ ದಾರಿ ಮಾಡುತ್ತದೆ. ಇಕ್ಕಟ್ಟಾದ ಕುಂಡದಲ್ಲಿ ವರ್ಷಗಟ್ಟಲೆ ಇರಬಲ್ಲ ಬಳ್ಳಿ ಇದು.

ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು? ದಿನದ ಲೆಕ್ಕ ಇಟ್ಟುಕೊಂಡರೆ ಕೆಟ್ಟಿತು. ಏಪ್ರಿಲ್‌ನ ಮೈಸೂರು ಬೇರೆ, ಜುಲೈನ ಶಿವಮೊಗ್ಗ ಬೇರೆ. ಕುಂಡವನ್ನು ಎತ್ತಿ ನೋಡುವುದೇ ಸರಿಯಾದ ಉಪಾಯ. ನೀರುಂಡ ಕುಂಡದ ಭಾರವೂ ಒಣಗಿದ ಕುಂಡದ ಭಾರವೂ ಕೈಗೆ ಬೇಗ ಪರಿಚಯವಾಗುತ್ತವೆ. ಇನ್ನೊಂದು ಉಪಾಯ ಎಲೆಯದೇ. ನೀರು ತುಂಬಿದ ಎಲೆ ಬಿರುಸಾಗಿರುತ್ತದೆ, ಬಾಗಿಸಿದರೆ ಬಾಗದು. ಬಾಯಾರಿದಾಗ ಸ್ವಲ್ಪ ಮೆತ್ತಗಾಗಿ ಬಾಗುತ್ತದೆ. ಆಗ ತಳದ ತೂತಿನಿಂದ ಹರಿಯುವಷ್ಟು ನೀರು ಕೊಟ್ಟು, ಮತ್ತೆ ಮರೆತುಬಿಡಬೇಕು. ಆದರೆ ಮಿಶ್ರಣ ಒದ್ದೆಯಿದ್ದೂ ಎಲೆ ಮೆತ್ತಗಾದರೆ ಅದು ಬಾಯಾರಿಕೆಯಲ್ಲ, ಬೇರಿನ ಕೊಳೆ. ಮಕ್ಕಳ ಕೈಗೆ ಈ ಪರೀಕ್ಷೆ ಒಪ್ಪಿಸಿದರೆ ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ, ಯಾಕೆಂದರೆ ಅವರು ನಿಜಕ್ಕೂ ಮುಟ್ಟಿ ನೋಡುತ್ತಾರೆ.

ಒಣಗಾಳಿಯಲ್ಲಿ ಇದು ಬದುಕುವ ಗುಟ್ಟು ಎಲೆಯಲ್ಲಿದೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆಳೆಯುತ್ತವೆ. ಅದೇ ಬಾಗಿಲಿನಿಂದ ನೀರಾವಿ ಹೊರಗೆ ಹೋಗುತ್ತದೆ. ಹೋಯಾ ಕಾರ್ನೋಸಾ ಬಾಗಿಲು ತೆರೆಯುವುದು ಹೆಚ್ಚಾಗಿ ತಂಪಾದ ರಾತ್ರಿಯಲ್ಲಿ. ಆಗ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಎಲೆಯೊಳಗೆ ಕೂಡಿಟ್ಟು, ಹಗಲು ಬಾಗಿಲು ಹಾಕಿಕೊಂಡು, ಆಮ್ಲದಿಂದ ಅದನ್ನು ಬಿಡಿಸಿ ಬಿಸಿಲಿನ ಸಹಾಯದಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ನಮ್ಮ ಕಾಡುಬಸಳೆಯದೂ ಇದೇ ಜಾಣತನ. ಇದರ ಸುಳಿವು ಮೊದಮೊದಲು ಕೊಟ್ಟವರಲ್ಲಿ ಬೆಂಜಮಿನ್ ಹೇಯ್ನ್ ಒಬ್ಬ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿಯಾಗಿದ್ದ ಈತ ಟಿಪ್ಪುವಿನ ಕಾಲದ ನಂತರ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡವನು. ಕಾಡುಬಸಳೆಯ ಎಲೆ ಬೆಳಿಗ್ಗೆ ಅಗಿದರೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂದು ಅವನು ಬರೆದ ಪತ್ರ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾಯಿತು. ನಾಲಗೆಯೇ ಅವನ ಪ್ರಯೋಗಾಲಯ! ವಿದ್ಯಾರ್ಥಿಗಳು ಎಲೆ ಅಗಿಯುವುದು ಬೇಡ. ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಐದಕ್ಕೆ ಕಾಡುಬಸಳೆಯ ಎಲೆ ಜಜ್ಜಿ ರಸ ತೆಗೆದು ಶಾಲೆಯ ಪಿಎಚ್ ಕಾಗದ ಅದ್ದಿ ನೋಡಿದರೆ ಬಣ್ಣದ ವ್ಯತ್ಯಾಸ ತಾನೇ ಹೇಳುತ್ತದೆ.

ಇಲ್ಲಿ ಪೋಷಕರಿಗೆ ಒಂದು ಮಾತು. ಇಂಥ ಗಿಡಗಳು ರಾತ್ರಿ ಆಮ್ಲಜನಕ ಬಿಡುತ್ತವೆ, ಮಗುವಿನ ಓದುವ ಕೋಣೆಯಲ್ಲಿಡಿ ಎಂದು ಹೇಳಿ ಮಾರುವವರಿದ್ದಾರೆ. ರಾತ್ರಿ ತೆರೆಯುವ ಬಾಗಿಲಿನಿಂದ ಒಳಗೆ ಹೋಗುವುದು ಇಂಗಾಲದ ಡೈ ಆಕ್ಸೈಡ್. ದ್ಯುತಿಸಂಶ್ಲೇಷಣೆಯಲ್ಲಿ ಆಮ್ಲಜನಕ ಹುಟ್ಟುವುದಕ್ಕೆ ಬೆಳಕು ಬೇಕೇ ಬೇಕು. ಗಿಡ ಗಾಳಿಯ ವಿಷ ತೆಗೆಯುತ್ತದೆ ಎಂಬ ಇನ್ನೊಂದು ಮಾತಿಗೆ ಮೂಲ 1989ರಲ್ಲಿ ಅಮೆರಿಕದ ನಾಸಾ ಮಾಡಿಸಿದ ಪ್ರಯೋಗ. ಅದು ನಡೆದದ್ದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಅಮೆರಿಕದ ಇಬ್ಬರು ವಿಜ್ಞಾನಿಗಳು 2019ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಕಟ್ಟಡದೊಳಗೆ ಸಹಜವಾಗಿ ಓಡಾಡುವ ಗಾಳಿ ಮಾಡುವಷ್ಟು ಶುದ್ಧಿಯನ್ನು ಗಿಡಗಳಿಂದ ಮಾಡಿಸಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕು. ಕಿಟಕಿ ತೆರೆಯುವುದು ಸುಲಭವಲ್ಲವೇ? ಗಿಡ ಇಡುವುದಕ್ಕೆ ಅದು ಚೆಂದ ಎಂಬ ಕಾರಣ ಸಾಲದೆ?

ಬೆಳಕಿನ ವಿಚಾರದಲ್ಲಿ ಅರೆಮನಸ್ಸು ಕೂಡದು. ನಡುಮನೆಯ ಮೂಲೆಯಲ್ಲಿ ಟೀವಿಯ ಪಕ್ಕ ಇಟ್ಟ ಹೋಯಾ ಬದುಕುತ್ತದೆ, ಹೂ ಬಿಡುವುದಿಲ್ಲ. ಪೂರ್ವದ ಕಿಟಕಿಯ ಎಳೆಬಿಸಿಲು ಒಂದೆರಡು ಗಂಟೆ, ಆಮೇಲೆ ದಿನವೆಲ್ಲ ಒಳ್ಳೆಯ ಬೆಳಕು, ಇದು ಅದಕ್ಕೆ ಒಗ್ಗುತ್ತದೆ. ಮಧ್ಯಾಹ್ನದ ಸುಡುಬಿಸಿಲಿಗೆ ಎಲೆ ಹಳದಿಯಾಗಿ ಸುಟ್ಟ ಕಲೆ ಬೀಳುತ್ತದೆ. ಬಳ್ಳಿ ಆಗಾಗ ಎಲೆಯೇ ಇಲ್ಲದ ಉದ್ದನೆಯ ಕುಡಿಯನ್ನು ಚಾಟಿಯಂತೆ ಗಾಳಿಗೆ ಚಾಚುತ್ತದೆ. ಅದೂ ಕತ್ತರಿಗೆ ಬಲಿಯಾಗುವುದುಂಟು. ಕಾಡಿನಲ್ಲಿ ಅದು ಮುಂದಿನ ಕೊಂಬೆಯನ್ನು ಹುಡುಕುವ ಕೈ. ಒಂದು ದಾರವನ್ನೋ ಕಂಬಿಯನ್ನೋ ತೋರಿಸಿ ಸುತ್ತಿಸಿದರೆ ಎಲೆ ಆಮೇಲೆ ಬರುತ್ತದೆ. ಮೊಗ್ಗು ಕಟ್ಟಿದ ಮೇಲೆ ಕುಂಡವನ್ನು ಅತ್ತಿತ್ತ ಸಾಗಿಸಬಾರದು; ಮೊಗ್ಗು ಉದುರಿಹೋಗುತ್ತದೆ.

ಈಗ ತೊಟ್ಟಿನ ವಿಷಯ. ಗುಲಾಬಿಯಲ್ಲಿ ಕುಡಿಯ ತುದಿಯೇ ಹೂವಾಗಿ ಮುಗಿದುಹೋಗುತ್ತದೆ. ಮುಂದಿನ ಹೂ ಕೆಳಗಿನ ಗಿಣ್ಣಿನಿಂದ ಹೊಸ ಕುಡಿ ಹೊರಟು ಅದರ ತುದಿಯಲ್ಲಿ ಬರಬೇಕು. ಕತ್ತರಿಸಿದರೆ ಆ ಕೆಲಸ ಬೇಗ ಆಗುತ್ತದೆ. ಹೋಯಾದಲ್ಲಿ ಹಾಗಲ್ಲ. ಗಿಣ್ಣಿನಿಂದ ಹೊರಟ ಗಿಡ್ಡ ತೊಟ್ಟಿನ ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಹತ್ತಿಪ್ಪತ್ತು ಹೂ ಬರುತ್ತವೆ, ಉದುರುತ್ತವೆ. ಆದರೆ ತೊಟ್ಟಿನ ತುದಿ ಸಾಯುವುದಿಲ್ಲ. ಅಲ್ಲಿ ಬೆಳೆಯುವ ಅಂಗಾಂಶ ಉಳಿದಿರುತ್ತದೆ. ಮುಂದಿನ ಹಂಗಾಮಿನಲ್ಲಿ ಅದೇ ತುದಿಯಿಂದ ಮತ್ತೊಂದು ಗೊಂಚಲು, ಅದರ ಮುಂದಿನ ವರ್ಷ ಇನ್ನೊಂದು. ಹೂ ಕೊಟ್ಟಷ್ಟೂ ತೊಟ್ಟು ಚೂರು ಚೂರೇ ಉದ್ದವಾಗುತ್ತದೆ. ಉದುರಿದ ಹೂಗಳ ಗುರುತು ಅದರ ಮೈಮೇಲೆ ಸಾಲಾಗಿ ಕಾಣುತ್ತದೆ. ಅದನ್ನು ಕತ್ತರಿಸಿದರೆ ಬಳ್ಳಿ ಸಾಯದು. ಬೇರೆ ಗಿಣ್ಣಿನಲ್ಲಿ ಹೊಸ ತೊಟ್ಟನ್ನು ಮೊದಲಿನಿಂದ ಕಟ್ಟಬೇಕು, ಅಷ್ಟೇ. ಅದಕ್ಕೆ ಕಾಲ ಹಿಡಿಯುತ್ತದೆ. ಹೂವನ್ನು ದೇವರಿಗೆ ಮುಡಿಸುವ ಆಸೆಯಿದ್ದವರು ಬಿಡಿ ಹೂಗಳನ್ನು ಮಾತ್ರ ಬಿಡಿಸಿಕೊಳ್ಳಲಿ, ಗೊಂಚಲು ಮುರಿಯುವುದು ಬೇಡ.

ಹೂವಿನ ಒಳಗೂ ಒಂದು ಸೋಜಿಗವಿದೆ. ಹೋಯಾ ನಮ್ಮ ಎಕ್ಕದ ಬಳಗದ್ದು; ಮುರಿದರೆ ಎರಡರಲ್ಲೂ ಬಿಳಿ ಹಾಲು. ಮೊದಲು ಎಕ್ಕದ ಕುಟುಂಬ ಎಂದೇ ಬೇರೆ ಇತ್ತು, ಈಗ ಅದನ್ನು ಕಣಗಿಲೆಯ ಕುಟುಂಬದೊಳಗೆ ಸೇರಿಸಿದ್ದಾರೆ. ಎಕ್ಕದ ಹೂವಿನ ನಡುವೆ ಕಿರೀಟವಿರುವಂತೆ ಇದಕ್ಕೂ ಇದೆ. ಇವುಗಳ ಪರಾಗ ದಾಸವಾಳದ ಹಾಗೆ ಪುಡಿಯಾಗಿ ಉದುರುವುದಿಲ್ಲ. ಎರಡು ಪುಟ್ಟ ಚೀಲಗಳಲ್ಲಿ ಗಂಟು ಕಟ್ಟಿ, ನಡುವೆ ಒಂದು ಕೊಂಡಿ ಹಾಕಿಟ್ಟಿರುತ್ತದೆ. ಮಕರಂದಕ್ಕೆ ಬಂದ ಕೀಟದ ಕಾಲು ಸೀಳಿನಲ್ಲಿ ಜಾರಿದರೆ ಕೊಂಡಿ ಕಾಲಿಗೆ ಸಿಕ್ಕಿಕೊಂಡು ಎರಡೂ ಚೀಲ ಒಟ್ಟಿಗೇ ಹೊರಟವು! ಎಕ್ಕದಲ್ಲಿ ಈ ಸಾಗಣೆ ಮಾಡುವವರು ದೊಡ್ಡ ಕಪ್ಪು ದುಂಬಿಗಳು. ಪರಾಗವನ್ನು ಗಂಟು ಕಟ್ಟುವ ಇನ್ನೊಂದು ಗುಂಪೆಂದರೆ ಸೀತಾಳೆ ದಂಡೆಯಂಥ ಆರ್ಕಿಡ್‌ಗಳು. ಈ ಎರಡು ಗುಂಪುಗಳ ಗರ್ಭಾಧಾನ ಹೇಗೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದವನೇ ರಾಬರ್ಟ್ ಬ್ರೌನ್. 1831ರಲ್ಲಿ ಲಿನ್ನಿಯನ್ ಸೊಸೈಟಿಯಲ್ಲಿ ಓದಿದ ಆ ಪ್ರಬಂಧದಲ್ಲಿ, ಆರ್ಕಿಡ್ಡಿನ ಹೊರಪದರದ ಪ್ರತಿ ಕೋಶದಲ್ಲೂ ಕಂಡ ಒಂದು ದುಂಡನೆಯ ಚುಕ್ಕೆಗೆ ಅವನು ನ್ಯೂಕ್ಲಿಯಸ್ ಎಂದು ಹೆಸರಿಟ್ಟ. ಇಂದು ಮಕ್ಕಳು ಚಿತ್ರ ಬರೆದು ಗುರುತಿಸುವ ಕೋಶಕೇಂದ್ರಕ್ಕೆ ನಾಮಕರಣವಾದದ್ದು ಹೀಗೆ, ಎಕ್ಕ ಮತ್ತು ಆರ್ಕಿಡ್‌ಗಳ ನಡುವೆ.

ಹೋಯಾ ಇಲ್ಲದವರು ಈ ಪರಾಗದ ಚೀಲಗಳನ್ನು ಎಕ್ಕದಲ್ಲೇ ನೋಡಬಹುದು. ಕಿರೀಟದ ಐದು ಮೂಲೆಗಳಲ್ಲಿರುವ ಸೀಳಿನಲ್ಲಿ ಗುಂಡುಸೂಜಿಯನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲನೆ ಎಳೆದರೆ ಕಪ್ಪು ಚುಕ್ಕೆಗೆ ಜೋತುಬಿದ್ದ ಎರಡು ಹಳದಿ ಚೀಲ ಸೂಜಿಗೆ ಹತ್ತಿ ಬರುತ್ತವೆ. ಭೂತಕನ್ನಡಿ ಇದ್ದರೆ ಇನ್ನೂ ಚೆನ್ನ. ಒಂದು ಎಚ್ಚರಿಕೆ ಮಾತ್ರ ಮರೆಯಬಾರದು: ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ತೀವ್ರ ಹಾನಿ ಮಾಡುತ್ತದೆ. ಹೂ ಕಿತ್ತು ತೊಳೆಯುವ ಕೆಲಸ ದೊಡ್ಡವರು ಮಾಡಲಿ, ಮಕ್ಕಳು ಕೈ ತೊಳೆಯದೆ ಕಣ್ಣು ಉಜ್ಜದಿರಲಿ. ಹೋಯಾದ ಹಾಲು ಅಷ್ಟು ಉಗ್ರವಲ್ಲದಿದ್ದರೂ ಅಭ್ಯಾಸ ಒಂದೇ ಇರಲಿ.

ಬಂಧುಗಳಾದ ಮೇಲೆ ಶತ್ರುವೂ ಒಂದೇ. ಎಕ್ಕ, ಕಣಗಿಲೆಗಳ ಕುಡಿಯಲ್ಲಿ ಮುತ್ತುವ ಹಳದಿ ಬಣ್ಣದ ಸಸ್ಯಹೇನು ಹೋಯಾಕ್ಕೂ ಬರುತ್ತದೆ. ಎಲೆಯ ಕಂಕುಳಲ್ಲಿ ಹತ್ತಿಯ ಚೂರಿನಂತೆ ಹಿಟ್ಟುತಿಗಣೆ ಕೂರುತ್ತದೆ. ಇರುವೆ ಸಾಲು ಕಂಡರೆ ಇವುಗಳನ್ನು ಹುಡುಕಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಬೂನು ಬೆರೆಸಿದ ಬೇವಿನ ಎಣ್ಣೆಯ ನೀರನ್ನು ಚಿಮುಕಿಸಿದರೆ ಸಾಕು.

ಹೊಸ ಗಿಡ ಮಾಡುವುದು ಸುಲಭ. ಎರಡು ಮೂರು ಗಿಣ್ಣು ಇರುವ ತುಂಡು, ಹಾಲು ಸೋರುವುದು ನಿಂತ ಮೇಲೆ ತೇವದ ಮರಳಿನಲ್ಲೋ ನೀರಿನ ಲೋಟದಲ್ಲೋ ಇಟ್ಟರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಆದರೆ ಫೆಬ್ರವರಿಯಲ್ಲಿ ಅಂಗಡಿಗಳಲ್ಲಿ ಹೃದಯದ ಆಕಾರದ ಒಂಟಿ ಎಲೆಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಮಾರುತ್ತಾರಲ್ಲ, ಅದು ಹೋಯಾ ಕೆರಿಯೈ ಎಂಬ ಇನ್ನೊಂದು ಪ್ರಭೇದ. ಎಲೆಗೆ ಬೇರೇನೋ ಬರುತ್ತದೆ, ವರ್ಷಗಟ್ಟಲೆ ಹಸಿರಾಗಿಯೂ ಇರುತ್ತದೆ. ಆದರೆ ಎಲೆಯ ಜೊತೆ ಗಿಣ್ಣಿನ ಚೂರು ಇಲ್ಲದಿದ್ದರೆ ಮೊಗ್ಗೊಡೆಯುವ ಜಾಗವೇ ಇಲ್ಲ. ಅದು ಎಂದೂ ಬಳ್ಳಿಯಾಗದು. ಕಾಡುಬಸಳೆಯ ಎಲೆಯಂಚಿನ ಕಚ್ಚುಗಳಲ್ಲಿ ಮೊಗ್ಗು ಇರುವುದರಿಂದಲೇ ಅದರ ಒಂದು ಎಲೆ ಹತ್ತು ಗಿಡ ಕೊಡುತ್ತದೆ. ಕೊಳ್ಳುವ ಮೊದಲು ಎಲೆಯ ಬುಡದಲ್ಲಿ ಕಾಂಡದ ತುಂಡಿದೆಯೇ ಎಂದು ಕೇಳುವುದು ಒಳ್ಳೆಯದು.

ಮೈಸೂರಿನ ಮನೆಗೆ ಮರಳೋಣ. ದಸರೆಯ ನಂತರ ಆರು ತಿಂಗಳು ಬಳ್ಳಿ ಸುಮ್ಮನಿತ್ತು. ಹುಡುಗಿಯ ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿದ ವಾರ, ಬಟ್ಟೆ ಒಣಗಿಸಲು ಹೋದ ಅಜ್ಜಿ ಕೂಗಿದರು. ಗ್ರಿಲ್ಲಿನ ಹೊರಗೆ, ಎರಡು ಎಲೆಗಳ ಮರೆಯಲ್ಲಿ, ಅಪ್ಪನ ಕತ್ತರಿಗೆ ಎಟುಕದೆ ಉಳಿದಿದ್ದ ನಾಲ್ಕನೆಯ ತೊಟ್ಟು. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗುಗಳು. ಹುಡುಗಿ ಎಣಿಸಿದಳು, ಹತ್ತೊಂಬತ್ತು. ಕತ್ತರಿಸಿದ ಮೂರು ಕಡೆ ಏನೂ ಇರಲಿಲ್ಲ. ಯಾರೂ ಯೋಜಿಸದೆ ಒಂದು ಪ್ರಯೋಗ ನಡೆದುಹೋಗಿತ್ತು: ಒಂದೇ ಬಳ್ಳಿ, ಒಂದೇ ಕುಂಡ, ಒಂದೇ ಬಿಸಿಲು, ಮೂರು ಕತ್ತರಿಸಿದವು, ಒಂದು ಕತ್ತರಿಸದ್ದು. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ ಅಪ್ಪನಿಗೆ ತೋರಿಸಿದಳು. “ನಾಲ್ಕೇ ತೊಟ್ಟಿನಿಂದ ಏನು ಸಾಬೀತಾಗುತ್ತೆ?” ಎಂದರು ಅಪ್ಪ. ಪ್ರಶ್ನೆ ಸರಿಯಾದದ್ದೇ. “ಅದಕ್ಕೇ ಅಪ್ಪ, ಇನ್ನೂ ನಾಲ್ಕು ವರ್ಷ ನೋಡೋಣ” ಎಂದಳು ಅವಳು.

ಈಗ ಅವಳು ಹತ್ತನೆಯ ತರಗತಿ. ಮಳೆಗಾಲ ಮುಗಿಯುವಷ್ಟರಲ್ಲಿ ಬೇರೆ ಗಿಣ್ಣುಗಳಲ್ಲಿ ಎರಡು ಹೊಸ ತೊಟ್ಟು ಕಾಣಿಸಿಕೊಂಡಿವೆ. ಈ ಸಲ ದಸರೆಯ ಶುಚಿಗೆ ಮುಂಚೆ ಅಪ್ಪ ಮೂರೂ ತೊಟ್ಟುಗಳ ಬುಡಕ್ಕೆ ಕೆಂಪು ನೂಲು ಕಟ್ಟಿಟ್ಟಿದ್ದಾರೆ.